ಮಂಜಿನ ಒಂಬತ್ತು ದಿನ

ಆ ಊರಿಗೆ ವಸಂತವು ಬೀದಿಯಿಂದ ಬರುತ್ತಿರಲಿಲ್ಲ, ಹಿತ್ತಲಿನಿಂದ ಬರುತ್ತಿತ್ತು. ಯಾವ ಮನೆಯವರು ತಮ್ಮ ಮರಕ್ಕೆ ಅದರ ಹಕ್ಕಿಗಳನ್ನು ಸರಿಯಾಗಿ ಒಪ್ಪಿಸಿದರೋ ಅವರ ಹಿತ್ತಲಿಗೆ ಬರುತ್ತಿತ್ತು. ಒಪ್ಪಿಸದವರ ಗೋಡೆಯ ಬಳಿ ಒಂದು ಗಳಿಗೆ ನಿಂತು, ಕಾದು, ಮುಂದಿನ ಮನೆಗೆ ಹೋಗುತ್ತಿತ್ತು.

ಅಲ್ಲಿ ಮನೆಗೊಂದು ಹಿತ್ತಲು, ಹಿತ್ತಲಿಗೊಂದು ಮರ. ಚಳಿ ಇಳಿಯುತ್ತಿದ್ದ ಹಾಗೆ ಮರಗಳೆಲ್ಲ ಎಲೆ ಉದುರಿಸಿ ನಿದ್ದೆಹೋಗುತ್ತಿದ್ದವು. ನಿದ್ದೆಹೋದ ಮರಕ್ಕೂ ಹಕ್ಕಿಗಳು ಬರುತ್ತವೆ. ಕೂರುತ್ತವೆ, ಕೊಕ್ಕು ಉಜ್ಜುತ್ತವೆ, ಜಗಳವಾಡಿಕೊಂಡು ಹಾರಿಹೋಗುತ್ತವೆ. ಆದರೆ ಮಲಗಿದವರಿಗೆ ಯಾರು ಬಂದರು, ಯಾರು ಹೋದರು ಎಂಬುದು ಹೇಗೆ ತಿಳಿಯಬೇಕು? ಮನೆಯವರೇ ಎಬ್ಬಿಸಿ ಹೇಳಬೇಕು. ಆದ್ದರಿಂದ ಕೆರೆಯ ನೀರಿನಿಂದ ಹಬೆಯೇಳುವುದು ನಿಂತ ಮರುದಿನ ಬೆಳಗ್ಗೆ ಮನೆಗೊಬ್ಬರು ಬರಿಗಾಲಲ್ಲಿ ಹಿತ್ತಲಿಗಿಳಿದು, ಮರದ ಬೊಡ್ಡೆಗೆ ಬಲ ಅಂಗೈ ಒತ್ತಿ, ಚಳಿಯ ಮೊದಲ ದಿನದಿಂದ ಕೊನೆಯ ದಿನದವರೆಗೆ ಬಂದ ಹಕ್ಕಿಗಳನ್ನೆಲ್ಲ ದಿನದ ಸಾಲು ತಪ್ಪದಂತೆ ಒಪ್ಪಿಸುತ್ತಿದ್ದರು. ಒಪ್ಪಿಸಿದ್ದು ಸರಿಯಿದ್ದರೆ ಮರುದಿನ ಮರ ಹೂಬಿಡುತ್ತಿತ್ತು. ಒಂದು ಹಕ್ಕಿ ಬಿಟ್ಟುಹೋದರೂ ಬಿಡುತ್ತಿರಲಿಲ್ಲ, ಒಂದು ಹಕ್ಕಿ ಹೆಚ್ಚಾದರೂ ಬಿಡುತ್ತಿರಲಿಲ್ಲ. ಕಣ್ಣಾರೆ ಕಂಡವರೇ ಹೇಳಬೇಕಿತ್ತು. ಕಂಡವರಿಂದ ಕೇಳಿ ತಿಳಿದವರು ಹೇಳಿದರೆ ಮರಕ್ಕೆ ಕೇಳಿಸುತ್ತಿರಲಿಲ್ಲ.

ಮೂರು ವರ್ಷ ಸಾಲಾಗಿ ಹೂಬಿಡದ ಮರವನ್ನು ಕೊಡಲಿಯಜ್ಜ ಬಂದು ಕಡಿಯುತ್ತಿದ್ದ. ಅಜ್ಜ ಕ್ರೂರಿಯೇನಲ್ಲ. ಕೊಡಲಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಕೂಸಿನಂತೆ ಸುತ್ತಿ, ಕಂಕುಳಲ್ಲಿಟ್ಟುಕೊಂಡು ನಡೆಯುತ್ತಿದ್ದ. ಅದನ್ನು ಮಸೆದು ಎಷ್ಟು ವರ್ಷವಾಯಿತೆಂದು ಅವನಿಗೇ ನೆನಪಿರಲಿಲ್ಲ. ಯಾರಾದರೂ ಕೇಳಿದರೆ, "ಹರಿತವಾಗಿದ್ದರೆ ಒಂದೇ ದಿನಕ್ಕೆ ಕೆಲಸ ಮುಗಿಯುತ್ತದೆ. ಮೊಂಡಾಗಿದ್ದರೆ ಮೂರು ದಿನ ಹಿಡಿಯುತ್ತದೆ. ಅಷ್ಟರೊಳಗೆ ಮರಕ್ಕೆ ಬುದ್ಧಿ ಬಂದರೂ ಬಂದೀತು" ಎನ್ನುತ್ತಿದ್ದ.

ಮರ ಕಳೆದುಕೊಂಡವರು ಹಿತ್ತಲ ಬಾಗಿಲಿಗೆ ಅಗುಳಿ ಹಾಕಿಬಿಡುತ್ತಿದ್ದರು. ಆಮೇಲೆ ಆ ಮನೆಯಲ್ಲಿ ಚಳಿಯೂ ಇಲ್ಲ, ವಸಂತವೂ ಇಲ್ಲ. ಬರೀ ಅಡುಗೆ, ಊಟ, ಮಾತು.

ಇನ್ನೊಂದು ಕಟ್ಟಳೆಯೂ ಇತ್ತು. ಹಿತ್ತಲುಗಳ ನಡುವೆ ಆಳೆತ್ತರದ ಗೋಡೆಗಳು. ಚಳಿಗಾಲದಲ್ಲಿ ಒಬ್ಬರ ಹಿತ್ತಲನ್ನು ಇನ್ನೊಬ್ಬರು ಇಣುಕಿ ನೋಡುವುದೆಂದರೆ, ಉಣ್ಣುತ್ತಿರುವವರ ಎಲೆಯನ್ನು ಬಗ್ಗಿ ನೋಡಿದಷ್ಟೇ ನಾಚಿಕೆಗೇಡಿನ ಕೆಲಸ.

ಇಂಥ ಊರಿನಲ್ಲಿ ಒಬ್ಬ ತೋಟಗಿತ್ತಿ ಇದ್ದಳು. ಅವಳ ತೋಟವೆಂದರೆ ಮನೆಯ ಹಿಂದಿನ ನಾಲ್ಕು ಮಡಿ ಸೊಪ್ಪು, ಒಂದು ಬಸಳೆಯ ಚಪ್ಪರ, ಮತ್ತು ಒಂದು ಹಾಲವಾಣದ ಮರ. ಆ ಮರದ ಒಂದು ಕೊಂಬೆ ಗೋಡೆ ದಾಟಿ ಪಕ್ಕದ ಹಿತ್ತಲಿನ ಮೇಲೆ ಚಾಚಿತ್ತು. ಅವಳ ಅತ್ತೆ ಇರುವ ತನಕ ಹಕ್ಕಿ ಒಪ್ಪಿಸುವ ಕೆಲಸ ಅತ್ತೆಯದು. ಅತ್ತೆ ಹಿತ್ತಲಲ್ಲಿ ನಿಂತು 'ಗಿಳಿ' ಎಂದರೆ ಮೂರನೆಯ ಬೀದಿಯ ಗಿಳಿ ತಿರುಗಿ ನೋಡುತ್ತಿತ್ತು. ಸೊಸೆಗೆ ಮಾತ್ರ ದನಿ ಎತ್ತಿ ಗೊತ್ತಿರಲಿಲ್ಲ. ಎತ್ತುವ ಅಗತ್ಯವೂ ಬಿದ್ದಿರಲಿಲ್ಲ.

ಅತ್ತೆ ತೀರಿಕೊಂಡ ವರ್ಷ ಸೊಸೆ ಮರದ ಮುಂದೆ ನಿಂತಳು. ಎಷ್ಟು ಮೆಲ್ಲಗೆ ಒಪ್ಪಿಸಿದಳೆಂದರೆ ಬೊಡ್ಡೆಯ ಮೇಲೆ ಹರಿಯುತ್ತಿದ್ದ ಇರುವೆಗೂ ಕೇಳಿಸಲಿಲ್ಲ. ಮರ ಹೂಬಿಡಲಿಲ್ಲ.

ಎರಡನೆಯ ವರ್ಷ ಧೈರ್ಯ ಮಾಡಿ ದನಿ ಎತ್ತಿದಳು. ಆದರೆ ಗಾಬರಿಯಲ್ಲಿ ಹಗ್ಗವನ್ನು ತಲೆಕೆಳಗಾಗಿ ಹಿಡಿದಿದ್ದಳು. ಹಗ್ಗವೆಂದರೆ ಆ ಊರಿನವರ ಹಕ್ಕಿಹಗ್ಗ. ತೆಂಗಿನ ನಾರಿನಲ್ಲಿ ಹೊಸೆದು ಪ್ರತಿ ಮನೆಯಲ್ಲೂ ಇಟ್ಟಿರುತ್ತಿದ್ದರು. ದಿನಕ್ಕೊಂದು ಗೇಣು. ಆ ಗೇಣಿನಲ್ಲಿ ಆ ದಿನ ಬಂದ ಹಕ್ಕಿಗಳಿಗೆ ಒಂದೊಂದು ಬಣ್ಣದ ದಾರದ ಗಂಟು: ಗಿಳಿಗೆ ಹಸಿರು, ಗುಬ್ಬಿಗೆ ಕಂದು, ಬೆಳವಕ್ಕೆ ಬೂದಿ, ಬಾಲದ ಬುಡ ಕೆಂಪಾದ ಪಿಕಳಾರಕ್ಕೆ ಕಪ್ಪು ಕೆಂಪು ಹೆಣೆದದ್ದು, ಮಡಿವಾಳ ಹಕ್ಕಿಗೆ ಕಪ್ಪು ಬಿಳುಪು. ತೋಟಗಿತ್ತಿ ಆ ವರ್ಷ ಚಳಿಯ ಕೊನೆಯ ದಿನದಿಂದ ಹಿಡಿದು ಮೊದಲ ದಿನದವರೆಗೆ, ಒಂದೂ ಬಿಡದೆ, ಒಂದೂ ಸೇರಿಸದೆ, ಅಚ್ಚುಕಟ್ಟಾಗಿ ಹಿಂದುಮುಂದಾಗಿ ಒಪ್ಪಿಸಿದಳು. ಚಳಿ ಈಗಷ್ಟೇ ಶುರುವಾಯಿತೆಂದು ತಿಳಿದು ಮರ ಮಗ್ಗುಲು ಬದಲಿಸಿ ಮತ್ತೆ ಮಲಗಿತು.

ಇದು ಮೂರನೆಯ ಚಳಿಗಾಲ. ಈ ಸಲವೂ ಹೂಬಿಡದಿದ್ದರೆ ಕೊಡಲಿಯಜ್ಜ ಕೊಡಲಿಗೆ ಸುತ್ತಿದ ಪಂಚೆ ಬಿಚ್ಚುತ್ತಿದ್ದ.

ತೋಟಗಿತ್ತಿ ದಿನವೂ ನಸುಕಿನಲ್ಲೇ ಎದ್ದಳು. ಕಂಬಳಿ ಹೊದ್ದಳು. ಹಿತ್ತಲ ಮೆಟ್ಟಿಲ ಮೇಲೆ ಕುಳಿತಳು. ಹಕ್ಕಿ ಬಂದಿತು, ಕಂಡಳು, ಕಟ್ಟಿದಳು. ಬೇರೊಂದು ಬಂದಿತು, ಕಂಡಳು, ಕಟ್ಟಿದಳು. ಹೊತ್ತೇರಿದಾಗ ಒಲೆ ಹೊತ್ತಿಸಿದಳು, ಹೊತ್ತಿಳಿದಾಗ ಮತ್ತೆ ಮೆಟ್ಟಿಲಿಗೆ ಬಂದಳು. ಸೊಪ್ಪಿನ ಮಡಿಗಳಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಬೀಜಗಳು ಬೂದಿ ಬೆರೆಸಿದ ಮಡಕೆಯಲ್ಲಿದ್ದವು. ಅವಕ್ಕೂ ಅವಳಿಗೂ ಒಂದೇ ಕೆಲಸ, ಕಾಯುವುದು.

ಒಂದು ಬೆಳಗ್ಗೆ ಸೇದುಬಾವಿಯ ಬಳಿ ಪಕ್ಕದ ಮನೆಯ ಹೆಂಗಸು ಸಿಕ್ಕಿದಳು. ಗೋಡೆಯಾಚೆಯವಳು ಎಂದೇ ಅವಳನ್ನು ಎಲ್ಲರೂ ಕರೆಯುತ್ತಿದ್ದರು. ಆರು ವರ್ಷದ ಕೆಳಗೆ ಮರ ಕಳೆದುಕೊಂಡವಳು. ಇಲ್ಲದ ಹಕ್ಕಿಗಳನ್ನು ಸೇರಿಸಿ ಒಪ್ಪಿಸಿದಳಂತೆ ಎಂಬ ಮಾತು ಊರಿನಲ್ಲಿತ್ತು. ನಂಬದವರು ಯಾರೂ ಇರಲಿಲ್ಲ, ಏಕೆಂದರೆ ಅವಳ ಬಾಯಲ್ಲಿ ಒಳಹೊಕ್ಕ ಬೆಕ್ಕು ಹುಲಿಯಾಗಿಯೇ ಹೊರಬರುತ್ತಿತ್ತು.

"ಏನೇ ತಂಗಿ, ಈ ಸಲವಾದರೂ ಹಗ್ಗದ ತಲೆ ಯಾವುದು, ಬಾಲ ಯಾವುದು ಅಂತ ಗುರುತಿಟ್ಟಿದ್ದೀಯೋ?" ಎಂದು ಗೋಡೆಯಾಚೆಯವಳು ಕೊಡ ಇಳಿಸಿದಳು.

"ತಲೆಗೆ ಒಂದು ಗೆಜ್ಜೆ ಕಟ್ಟಿದ್ದೇನೆ ಅಕ್ಕ."

"ಒಳ್ಳೆಯದಾಯಿತು. ನಿನಗಿಂತ ಆ ಗೆಜ್ಜೆಗೇ ದನಿ ಜೋರು. ಅದನ್ನೇ ಒಪ್ಪಿಸಲು ಹೇಳು."

ಬಾವಿಕಟ್ಟೆಯಲ್ಲಿದ್ದವರೆಲ್ಲ ನಕ್ಕರು. ತೋಟಗಿತ್ತಿಯೂ ನಕ್ಕಳು. ಕೊಡ ಎತ್ತಿಕೊಂಡ ಮೇಲೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ನಿಮ್ಮದರಲ್ಲಿ ಅರ್ಧ ದನಿ ಸಾಲ ಕೊಡಿ ಅಕ್ಕ" ಎಂದಳು. ಗೋಡೆಯಾಚೆಯವಳಿಗೆ ಮಾತ್ರ ಅದು ಕೇಳಿಸಿತು.

ಆಮೇಲೆ ಮಂಜು ಬಂತು. ಒಂಬತ್ತು ದಿನ ಬಿಡದೆ ಕವಿಯಿತು. ಮೆಟ್ಟಿಲಿನಿಂದ ಮರ ಕಾಣುತ್ತಿರಲಿಲ್ಲ. ತೋಟಗಿತ್ತಿ ಮರದ ಬುಡಕ್ಕೇ ಹೋಗಿ, ಕುತ್ತಿಗೆ ಮೇಲೆತ್ತಿ, ನೆರಳಿನಂತೆ ಬಂದು ನೆರಳಿನಂತೆ ಹೋಗುವವರನ್ನು ಕಂಡಳು, ಕಟ್ಟಿದಳು. ಒಂಬತ್ತು ದಿನವೂ ಒಂದೇ ದಿನದಂತಿದ್ದವು. ಕಟ್ಟಿದ ಮೇಲೆ ಮನಸ್ಸು ಅದನ್ನು ಹಗ್ಗಕ್ಕೆ ಬಿಟ್ಟು ಹಗುರವಾಯಿತು.

ಮಂಜು ಹರಿದು ಬಿಸಿಲು ಬಂದಾಗ ಅವಳಿಗೆ ಒಂದು ಚಿಂತೆ ಹತ್ತಿತು. ಹಗ್ಗ ತೇವ ಹಿಡಿದಿದೆ. ಬಣ್ಣ ಮಾಸಿದರೆ ಗಿಳಿ ಯಾವುದು, ಬೆಳವ ಯಾವುದು ತಿಳಿಯದೆ ಹೋದೀತು. ಬೇರೆ ಮನೆಗಳಲ್ಲಿ ಹಗ್ಗವನ್ನು ಮೂಲೆಯ ಗೂಟಕ್ಕೆ ಸಿಕ್ಕಿಸಿ ಸುಮ್ಮನಾಗುತ್ತಿದ್ದರು. ಅವಳದು ಅತಿ ಜಾಗ್ರತೆಯ ಕೈ. ಸುರುಳಿ ಬಿಚ್ಚಿ, ಬಟ್ಟೆ ಒಣಹಾಕುವ ತಂತಿಯ ಮೇಲೆ ಉದ್ದಕ್ಕೆ ಹರವಿ, ರೊಟ್ಟಿಹಿಟ್ಟು ನಾದಲು ಒಳಗೆ ಹೋದಳು.

ಹಿಟ್ಟಿನ ಕೈಯಲ್ಲೇ ಹೊರಗೆ ಬಂದಾಗ ಒಂದು ಸಿಂಪಿಗ ಹಕ್ಕಿ ಕಂಡಿತು. ಎಲೆಗಳ ಅಂಚನ್ನು ಸೇರಿಸಿ ಹೊಲಿದು ಗೂಡು ಮಾಡುವ, ಹೆಬ್ಬೆರಳುದ್ದದ ಹಕ್ಕಿ. ಅದರ ಕೊಕ್ಕಿನಲ್ಲಿ ಒಂದು ದಾರವಿತ್ತು. ತೋಟಗಿತ್ತಿಗೆ ಬಹಳ ಖುಷಿಯಾಯಿತು. ಬಂತಲ್ಲ, ಗೂಡು ಕಟ್ಟುವ ಕಾಲ ಬಂದೇಬಿಟ್ಟಿತಲ್ಲ ಎಂದು ಅದು ಗೋಡೆ ದಾಟುವವರೆಗೂ ನಗುಮುಖದಿಂದ ನೋಡಿದಳು. ದಾರ ಹಸಿರಾಗಿತ್ತು ಎಂಬುದು ಆಮೇಲೆ ಹೊಳೆಯಿತು. ಹಿತ್ತಲಲ್ಲಿ ಹಸಿರು ದಾರ ಬೇರೆಲ್ಲಿಯೂ ಇರಲಿಲ್ಲ.

ಓಡಿಹೋಗಿ ತಂತಿ ನೋಡಿದಳು. ಹಗ್ಗದ ನಟ್ಟನಡುವೆ ಬಿಸಿಲು ಚೆನ್ನಾಗಿ ಬೀಳುತ್ತಿದ್ದ ಕಡೆ ಒಂದೂ ಗಂಟು ಉಳಿದಿರಲಿಲ್ಲ. ಗೇಣು ಹಾಕಿ ನೋಡಿದಳು. ಒಂಬತ್ತು ಗೇಣು. ಮಂಜಿನ ಒಂಬತ್ತು ದಿನ.

ಮುಂದಿನ ಒಂದು ವಾರ ಅವಳು ನೆನಪಿಗೆ ತಂದುಕೊಳ್ಳಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಹಗ್ಗದ ಬೋಳು ಜಾಗವನ್ನು ಬೆರಳಿನಿಂದ ಸವರುತ್ತಾ ಕುಳಿತಳು. ಬೆರಳಿಗೆ ನಾರು ಸಿಕ್ಕಿತು, ಹಕ್ಕಿ ಸಿಗಲಿಲ್ಲ.

ಕೆರೆಯ ಹಬೆ ತೆಳುವಾಗುತ್ತಿದ್ದಾಗ ಕೊಡಲಿಯಜ್ಜ ಮನೆಮನೆಗೆ ಎಚ್ಚರ ಹೇಳುತ್ತಾ ಬಂದ. ಅವಳು ಮಜ್ಜಿಗೆ ಕೊಟ್ಟು, ನಡೆದದ್ದನ್ನು ಹೇಳಿದಳು.

ಅಜ್ಜ ಮೀಸೆಗಂಟಿದ ಮಜ್ಜಿಗೆ ಒರೆಸಿಕೊಂಡ. "ಕಳ್ಳ ಯಾರು ಅಂತ ಗೊತ್ತಿದೆಯಲ್ಲಮ್ಮ. ಗೂಡು ಹುಡುಕಿ ಬಿಚ್ಚು, ದಾರ ಸಿಗುತ್ತದೆ."

"ಬಣ್ಣ ಸಿಗುತ್ತದೆ ಅಜ್ಜ. ದಿನ ಸಿಗಬೇಕಲ್ಲ."

"ಬಣ್ಣ ಕಂಡರೆ ದಿನವೂ ನೆನಪಾದೀತು. ನನಗೆ ಈ ಹಾಳು ಕೆಲಸ ಹಚ್ಚಬೇಡ ತಾಯಿ. ಹಾಲವಾಣದ ತೊಗಟೆಯಲ್ಲಿ ಮುಳ್ಳಿರುತ್ತದೆ."

ಮರುದಿನ ಅವಳು ಗೋಡೆಯಾಚೆಯವಳ ಮನೆಯ ಮುಂಬಾಗಿಲು ತಟ್ಟಿದಳು.

"ನಿಮ್ಮ ಹಿತ್ತಲನ್ನು ಒಂದು ಸಲ ನೋಡಬೇಕಿತ್ತು ಅಕ್ಕ."

"ನನ್ನ ಹಿತ್ತಲಲ್ಲಿ ಏನಿದೆ, ಮಣ್ಣು."

"ಒಂದು ಗೂಡಿದೆ."

"ನಿನಗೆ ಹೇಗೆ ಗೊತ್ತು? ಇಣುಕಿದೆಯಾ?" ಗೋಡೆಯಾಚೆಯವಳು ಇದನ್ನು ಕೊಂಚ ಹೆಚ್ಚೇ ಬೇಗ ಕೇಳಿದಳು.

"ಇಲ್ಲಪ್ಪ. ಹಕ್ಕಿ ಹಾರಿದ ದಿಕ್ಕು ನೋಡಿದೆ."

ಗೋಡೆಯಾಚೆಯವಳು ಆ ಕಡೆ ಈ ಕಡೆ ನೋಡಿದಳು. ಒಲ್ಲದ ಮನಸ್ಸಿನಿಂದ ಹಿಂದಕ್ಕೆ ನಡೆದಳು. ಆರು ವರ್ಷ ತೆಗೆಯದ ಅಗುಳಿ ಕಿರುಗುಟ್ಟಬೇಕಿತ್ತು. ಎಣ್ಣೆ ಸವರಿದಂತೆ ಸದ್ದಿಲ್ಲದೆ ಜಾರಿತು.

ಹಿತ್ತಲಲ್ಲಿ ಒಂದು ದಾಸವಾಳದ ಗಿಡ ಬಿಟ್ಟರೆ ಹಸಿರಿರಲಿಲ್ಲ. ಆ ಗಿಡದಲ್ಲಿ, ಎದೆಯ ಎತ್ತರಕ್ಕೆ, ಎರಡು ಎಲೆಗಳನ್ನು ಒಂದಕ್ಕೊಂದು ಹೊಲಿದ ಗೂಡು. ಎಲೆಯ ಅಂಚಿನಲ್ಲಿ ಹಸಿರು ಹೊಲಿಗೆ, ಬೂದಿ ಹೊಲಿಗೆ, ಕಪ್ಪು ಕೆಂಪು ಹೊಲಿಗೆ. ಮಂಜಿನ ಒಂಬತ್ತು ದಿನಗಳು ಒಂದು ಬೊಗಸೆಯಷ್ಟು ಜಾಗದಲ್ಲಿ ಸುತ್ತಿಕೊಂಡಿದ್ದವು. ಒಳಗೆ ನೇರಳೆ ಬೀಜದಷ್ಟು ಎರಡು ಮೊಟ್ಟೆ. ಹಕ್ಕಿ ಪಕ್ಕದ ರೆಂಬೆಗೆ ಹಾರಿ, ಬಾಲ ನಿಗುರಿಸಿ, ಇಬ್ಬರನ್ನೂ ಬಾಯಿಗೆ ಬಂದಂತೆ ಬೈಯತೊಡಗಿತು.

"ತೆಗೆದುಕೋ" ಎಂದಳು ಗೋಡೆಯಾಚೆಯವಳು. "ಕೈಗೆ ಎಟಕುತ್ತದೆ. ಬೇಕಿದ್ದರೆ ನಾನು ಆ ಕಡೆ ತಿರುಗಿಕೊಳ್ಳುತ್ತೇನೆ."

ತೋಟಗಿತ್ತಿ ಕೈ ಚಾಚಿದಳು. ಬೆರಳಿಗೆ ಎಲೆ ತಾಗಿತು. ಮೊಟ್ಟೆಗಳ ಬಿಸುಪು ಎಲೆಯ ಮೂಲಕ ಬೆರಳಿಗೆ ಬಂತೋ, ಬಂದ ಹಾಗೆ ಅನ್ನಿಸಿತೋ, ಕೈ ಹಿಂದಕ್ಕೆ ತೆಗೆದಳು.

"ಬೇಡ ಅಕ್ಕ. ಇದನ್ನು ಕಿತ್ತುಕೊಂಡು ಹೋಗಿ, ಆ ಮರದ ಮುಂದೆ ನಿಂತು ಹಕ್ಕಿಗಳ ಹೆಸರು ಹೇಳಲು ನನಗೆ ಬಾಯಿ ಬರುವುದಿಲ್ಲ."

"ಮರ ಹೋಗುತ್ತದೆ ಕಣೇ. ಹೋದ ಮೇಲೆ ಹೇಗಿರುತ್ತದೆ ಅಂತ ನಿನಗೆ ಗೊತ್ತಿಲ್ಲ."

ತೋಟಗಿತ್ತಿ ಹೊರಡಲೆಂದು ಬಾಗಿಲ ಕಡೆ ತಿರುಗಿದಳು. ಆಗ ಅವಳ ಕಣ್ಣು ಗೋಡೆಯ ಬುಡಕ್ಕೆ ಹೋಯಿತು. ಅಲ್ಲಿ ಒಂದು ಒರಳುಕಲ್ಲನ್ನು ಬೋರಲು ಹಾಕಿತ್ತು. ಅದರ ಮೇಲೆ ನಾಲ್ಕಾಗಿ ಮಡಿಸಿದ ಗೋಣಿತಟ್ಟು. ತಟ್ಟಿನಲ್ಲಿ ಎರಡು ಪಾದಗಳ ಅಚ್ಚು, ದಿನವೂ ನಿಂತು ನಿಂತು ಆದದ್ದು. ಅದರ ನೇರ ಮೇಲೆ ಅವಳದೇ ಹಾಲವಾಣದ ಕೊಂಬೆ.

ಅವಳಿಗೆ ಎಲ್ಲವೂ ತಿಳಿಯಿತು. ಕೇಳಿದರೆ ತನ್ನ ಮರ ಉಳಿಯಬಹುದು, ಆದರೆ ಅಕ್ಕನ ಮಾನ ಬೀದಿಗೆ ಬರುತ್ತದೆ. ಬಾಯಿ ತೆರೆದಳು. "ಅಕ್ಕ, ಆ ಮಂಜಿನ ದಿನಗಳಲ್ಲಿ…"

"ಒಲೆಯ ಮೇಲೆ ಸಾರಿಟ್ಟಿದ್ದೇನೆ, ಉಕ್ಕುತ್ತದೆ" ಎಂದು ಗೋಡೆಯಾಚೆಯವಳು ಒಳಗೆ ನಡೆದಳು. ಒಲೆ ಆರಿತ್ತು. ತೋಟಗಿತ್ತಿ ಅದನ್ನೂ ನೋಡಿದಳು. ಕೇಳಬೇಕೆಂದದ್ದನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

ಕೆರೆಯ ಹಬೆ ನಿಂತಿತು. ಮರುದಿನ ಬೆಳಗಾಯಿತು.

ಊರ ತುಂಬ ಹಿತ್ತಲುಗಳಲ್ಲಿ ದನಿಗಳು ಎದ್ದವು. ಒಂದು ಹಿತ್ತಲಲ್ಲಿ ಗಿಳಿ, ಇನ್ನೊಂದರಲ್ಲಿ ಗೊರವಂಕ, ಮತ್ತೊಂದರಲ್ಲಿ ಮಿಂಚುಳ್ಳಿ. ತೋಟಗಿತ್ತಿ ಬರಿಗಾಲಲ್ಲಿ ಇಳಿದಳು. ಇದು ಅವಳ ಮೂರನೆಯ ವರ್ಷವಾದ್ದರಿಂದ ಕೊಡಲಿಯಜ್ಜ ಬಂದು ಮೆಟ್ಟಿಲ ಮೇಲೆ ಕುಳಿತಿದ್ದ. ಕೊಡಲಿ ಅವನ ತೊಡೆಯ ಮೇಲೆ ಮಲಗಿತ್ತು.

ಅವಳು ಬೊಡ್ಡೆಗೆ ಅಂಗೈ ಒತ್ತಿದಳು. ಗೆಜ್ಜೆಯಿದ್ದ ತುದಿಯನ್ನು ಹಿಡಿದಳು.

"ಚಳಿಯ ಮೊದಲ ದಿನ. ನಿನ್ನ ಮೇಲೆ ಬಂದು ಕುಳಿತದ್ದು ಗುಬ್ಬಿ, ಮೂರು. ಚಳಿಯ ಎರಡನೆಯ ದಿನ. ನಿನ್ನ ಮೇಲೆ ಬಂದು ಕುಳಿತದ್ದು ಪಿಕಳಾರ, ಒಂದು, ಬೆಳವ, ಎರಡು. ಚಳಿಯ ಮೂರನೆಯ ದಿನ…"

ದನಿ ದೊಡ್ಡದಲ್ಲದಿದ್ದರೂ ನಡುಗಲಿಲ್ಲ. ಹಗ್ಗ ಅವಳ ಎಡಗೈಯಲ್ಲಿ ಜಾರಿತು, ದಿನಗಳು ಜಾರಿದವು. ಹಾಗೆಯೇ ಹೋಗಿ ಬೆರಳು ಬೋಳು ಜಾಗಕ್ಕೆ ಬಂದು ನಿಂತಿತು.

"ಇಲ್ಲಿ ಒಂಬತ್ತು ದಿನ ಇವೆ" ಎಂದಳು ಮರಕ್ಕೆ. "ಒಂಬತ್ತು ದಿನವೂ ನಾನು ಇಲ್ಲೇ ಇದ್ದೆ. ಕಂಡೆ, ಕಟ್ಟಿದೆ. ಈಗ ನನ್ನ ಹತ್ತಿರ ಅವು ಇಲ್ಲ. ಸುಳ್ಳು ಹೇಳಿ ತುಂಬಿಸುವುದಿಲ್ಲ."

ಕೊಡಲಿಯಜ್ಜ ನಿಟ್ಟುಸಿರು ಬಿಟ್ಟು ಕೊಡಲಿಗೆ ಸುತ್ತಿದ್ದ ಪಂಚೆಯ ಗಂಟಿಗೆ ಕೈಹಾಕಿದ. ಆ ಗಂಟನ್ನು ಬಿಚ್ಚಲು ಅವನು ಎಷ್ಟು ಹೊತ್ತು ತೆಗೆದುಕೊಳ್ಳಬಹುದೋ ಅಷ್ಟು ಹೊತ್ತು ತೆಗೆದುಕೊಂಡ.

"ಅಜ್ಜ, ಅದನ್ನು ಮತ್ತೆ ಸುತ್ತಿ."

ಗೋಡೆಯ ಮೇಲೆ ಒಂದು ತಲೆ ಮೂಡಿತ್ತು.

ಅಜ್ಜ ಕಣ್ಣು ಕಿರಿದು ಮಾಡಿ ನೋಡಿದ. "ನೀನು ಯಾವಾಗಮ್ಮ ಇಷ್ಟೆತ್ತರ ಬೆಳೆದೆ?"

"ಒರಳಿನ ಮೇಲೆ ನಿಂತಿದ್ದೇನೆ. ಇವತ್ತೊಂದೇ ದಿನವಲ್ಲ, ಚಳಿ ಶುರುವಾದಾಗಿನಿಂದ ದಿನವೂ ನಿಂತಿದ್ದೇನೆ. ಈ ಚಳಿಗಾಲ ಒಂದೇ ಅಲ್ಲ, ಆರು ಚಳಿಗಾಲ. ಹೋಗಿ, ಊರಿಗೆಲ್ಲ ಹೇಳಿಕೊಂಡು ಬನ್ನಿ."

"ಹೇಳುತ್ತೇನೆ, ಅವಸರವೇನಿಲ್ಲ. ಮಂಜಿನ ದಿನಗಳಲ್ಲೂ ನಿಂತಿದ್ದೆಯೋ?"

"ಮಂಜಿನಲ್ಲಿ ನನ್ನನ್ನು ಯಾರೂ ನೋಡುವುದಿಲ್ಲವೆಂದು ಬೆಳಗಿನಿಂದ ಸಂಜೆಯ ತನಕ ನಿಂತಿದ್ದೆ. ಆ ಕೊಂಬೆ ನನ್ನ ಮೂಗಿನ ಮೇಲೇ ಇದೆ, ಮರಕ್ಕೆ ಬಂದವೆಲ್ಲ ಅದನ್ನು ದಾಟಿಯೇ ಬಂದವು."

ಅವಳು ಬೀದಿ ಸುತ್ತಿ, ತೋಟಗಿತ್ತಿಯ ಮನೆಯೊಳಗಿನಿಂದ ಹಾದು, ಚಪ್ಪಲಿ ಕಳಚಿ ಹಿತ್ತಲಿಗಿಳಿದಳು. ಅಷ್ಟು ಮಾತಿನವಳು ಮರದ ಎದುರು ಬಂದಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಅಜ್ಜ ಗಂಭೀರನಾದ. "ನೋಡಮ್ಮ, ನಿನ್ನ ಬಾಯಿ ಊರಿಗೇ ಗೊತ್ತು. ಒಂದು ಹೆಚ್ಚಾದರೂ ಮುಗಿಯಿತು."

"ಗೊತ್ತು. ನನ್ನ ಮರ ಕಡಿದವರು ನೀವೇ ಅಲ್ಲವೇ?" ಎಂದು ಅವಳು ತೋಟಗಿತ್ತಿಯ ಕಡೆ ತಿರುಗಿದಳು. "ನಿನಗೆ ನಂಬಿಕೆ ಬಾರದಿದ್ದರೆ ಹೇಳಿಬಿಡು ತಂಗಿ, ಬೇಜಾರಿಲ್ಲ. ನನಗೇ ನನ್ನ ಮೇಲೆ ಇಲ್ಲ."

ತೋಟಗಿತ್ತಿ ಅವಳ ಕೈ ಹಿಡಿದು, ಬೊಡ್ಡೆಯ ಮೇಲೆ ತನ್ನ ಅಂಗೈ ಇದ್ದ ಜಾಗದಲ್ಲೇ ಇಟ್ಟಳು.

ಗೋಡೆಯಾಚೆಯವಳು ಗಂಟಲು ಸರಿಮಾಡಿಕೊಂಡಳು. "ಮಂಜಿನ ಮೊದಲ ದಿನ. ನಿನ್ನ ಮೇಲೆ ಬಂದು ಕುಳಿತದ್ದು ಗಿಳಿ, ಇಪ್ಪ…" ನಿಲ್ಲಿಸಿದಳು. ತುಟಿ ಕಚ್ಚಿದಳು. "ಎರಡು. ಗದ್ದಲ ಇಪ್ಪತ್ತರಷ್ಟಿತ್ತು, ಅದು ಬೇರೆ ಮಾತು. ಗಿಳಿ ಎರಡೇ."

ಅಜ್ಜ ಬಾಯಿಗೆ ಕೈ ಅಡ್ಡ ಹಿಡಿದ.

"ಎರಡನೆಯ ದಿನ. ಪಿಕಳಾರ, ಒಂದು. ಮೂರನೆಯ ದಿನ. ಬೆಳವ, ಎರಡು; ಗುಬ್ಬಿ, ನಾಲ್ಕು. ನಾಲ್ಕನೆಯ ದಿನ. ಮರಕುಟಿಗ, ಒಂದು. ಅದು ಕುಟ್ಟಿದ ರಭಸಕ್ಕೆ ನನ್ನ ಒರಳೇ…" ಮತ್ತೆ ನಿಲ್ಲಿಸಿದಳು. "ಕುಟ್ಟಿತು. ಅಷ್ಟೇ. ಐದನೆಯ ದಿನ. ಹರಟೆಮಲ್ಲ, ಏಳು. ಆರನೆಯ ದಿನ. ಮಡಿವಾಳ, ಒಂದು, ಹಾಡಲಿಲ್ಲ. ಏಳನೆಯ ದಿನ. ಗಿಳಿ, ಒಂದು, ಗುಬ್ಬಿ, ಎರಡು."

ಎಂಟನೆಯ ದಿನಕ್ಕೆ ಬಂದಾಗ ಅವಳು ಸೆರಗಿನ ತುದಿಯನ್ನು ಮತ್ತೆ ಬೆರಳಿಗೆ ಸುತ್ತತೊಡಗಿದಳು. ಚಳಿಯ ಬೆಳಗಿನಲ್ಲೂ ಅವಳ ಹಣೆಯ ಮೇಲೆ ಬೆವರು ಮೂಡಿತು. ಅಜ್ಜನಿಗೆ ಈಗ ಏನೋ ದೊಡ್ಡದೇ ಬರುತ್ತದೆ ಅನ್ನಿಸಿತು; ನವಿಲೋ, ಗರುಡನೋ.

"ಎಂಟನೆಯ ದಿನ" ಎಂದಳು ಕೊನೆಗೆ, ಅವಳದಲ್ಲದ ಸಣ್ಣ ದನಿಯಲ್ಲಿ. "ಎಂಟನೆಯ ದಿನ ನಿನ್ನ ಮೇಲೆ ಯಾರೂ ಬಂದು ಕೂರಲಿಲ್ಲ. ನಾನು ಕತ್ತಲಾಗುವ ತನಕ ಕಾದೆ. ಕಾಲು ಜೋಮು ಹಿಡಿಯಿತು. ಯಾರೂ ಬರಲಿಲ್ಲ."

ಆ ಮಾತು ಕೇಳಿದ್ದೇ ತೋಟಗಿತ್ತಿಗೆ ಆ ದಿನ ನೆನಪಾಯಿತು. ಮಂಜು ಅವಳ ಕಣ್ಣ ಮುಂದೆ ಬಂದು ನಿಂತಿತು. ಆ ಸಂಜೆ ಅವಳು ದಾರಗಳ ಬುಟ್ಟಿಯಲ್ಲಿ ಕೈಯಾಡಿಸಿ, ಯಾವ ಬಣ್ಣವನ್ನೂ ತೆಗೆಯಲಾಗದೆ, ಬಣ್ಣ ಹಚ್ಚದ ಹತ್ತಿಯ ಎಳೆಯೊಂದನ್ನು ಗಂಟು ಹಾಕಿದ್ದಳು. ಬರಿದಾದ ದಿನವೂ ದಿನವೇ ಎಂದುಕೊಂಡು, ಯಾರಿಗೂ ಹೇಳದೆ ಹಾಕಿದ್ದ ಗಂಟು ಅದು. ಗೋಡೆಯ ಈಚೆ ಅವಳು ಹಾಗೆ ನಿಂತಿದ್ದ ಹೊತ್ತಿನಲ್ಲಿ ಆಚೆ ಇನ್ನೊಬ್ಬಳು ಜೋಮು ಹಿಡಿದ ಕಾಲಲ್ಲಿ ನಿಂತಿದ್ದಳು.

"ಹೌದು" ಎಂದಳು ತೋಟಗಿತ್ತಿ. "ಯಾರೂ ಬರಲಿಲ್ಲ."

"ಒಂಬತ್ತನೆಯ ದಿನ. ಗುಬ್ಬಿ, ಐದು" ಎಂದು ಗೋಡೆಯಾಚೆಯವಳು ಉಸಿರು ಬಿಟ್ಟು ಕೈ ತೆಗೆದಳು. ತೋಟಗಿತ್ತಿ ಹಗ್ಗದ ಮುಂದಿನ ಗಂಟನ್ನು ಹಿಡಿದು ಕೊನೆಯ ತನಕ ಒಪ್ಪಿಸಿದಳು.

ಒಪ್ಪಿಸಿದ ಮೇಲೆ ಮರಕ್ಕೆ ಬೆನ್ನು ಹಾಕಿ ಒಳಗೆ ಹೋಗಬೇಕು, ಮರುದಿನ ಬೆಳಗಾಗುವವರೆಗೆ ಹಿತ್ತಲ ಬಾಗಿಲು ತೆರೆಯಬಾರದು. ಮೂವರೂ ಒಳಗೆ ಕುಳಿತು ಹೆಸರುಬೇಳೆ ಪಾಯಸ ಕುಡಿದರು. ಅಜ್ಜ ಎರಡನೆಯ ಲೋಟ ಮುಗಿಸಿ, "ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡ. ಇವತ್ತು ಇಷ್ಟು ನೆಟ್ಟಗೆ ಹೇಳಿದವಳು ಆವತ್ತು ನಿನ್ನ ಮರಕ್ಕೆ ಯಾಕೆ ಹಾಗೆ ಹೇಳಿದೆ?" ಎಂದ.

ಗೋಡೆಯಾಚೆಯವಳು ಲೋಟದ ತಳ ನೋಡಿದಳು. "ನನ್ನ ಮರಕ್ಕೆ ಕಾಗೆ ಬಿಟ್ಟರೆ ಬೇರೆ ಹಕ್ಕಿ ಬರುತ್ತಿರಲಿಲ್ಲ ಅಜ್ಜ. ಸುತ್ತಲೂ ಎಲ್ಲರೂ ಗಿಳಿ, ಮಿಂಚುಳ್ಳಿ ಅಂತ ಒಪ್ಪಿಸುತ್ತಿರುವಾಗ ಚಳಿಗಾಲವೆಲ್ಲ ಕಾಗೆ, ಕಾಗೆ, ಕಾಗೆ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಮೊದಲ ವರ್ಷ ಒಂದು ಗಿಳಿ ಸೇರಿಸಿದೆ. ಮರುವರ್ಷ ಒಂದು ಕೊಕ್ಕರೆ. ಮೂರನೆಯ ವರ್ಷ ನವಿಲನ್ನೇ ತಂದು ಕೂರಿಸಿದೆ."

"ಆ ನವಿಲನ್ನು ನೋಡೋಣವೆಂದು ನಾನೂ ಬಂದಿದ್ದೆ ಕಣಮ್ಮ" ಎಂದ ಅಜ್ಜ. "ಕೊಡಲಿ ಬಿಟ್ಟು, ಒಳ್ಳೆಯ ಅಂಗಿ ಹಾಕಿಕೊಂಡು."

ಗೋಡೆಯಾಚೆಯವಳು ಮೊದಲು ನಕ್ಕಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಾಗೆಯನ್ನು ಮರ ಬೇಡವೆನ್ನುತ್ತಿತ್ತೇ ಅಕ್ಕ?" ಎಂದು ತೋಟಗಿತ್ತಿ ಕೇಳಿದಳು.

"ಅದು ಯಾವತ್ತೂ ಅನ್ನಲಿಲ್ಲ. ನಾನೇ ಅಂದುಕೊಂಡೆ."

ಮರುದಿನ ಮೂವರೂ ಸೇರಿ ಹಿತ್ತಲ ಬಾಗಿಲು ತೆಗೆದರು. ಹಾಲವಾಣ ಒಂದೂ ಎಲೆಯಿಲ್ಲದೆ, ತುದಿಯಿಂದ ಬುಡದ ತನಕ ಕೆಂಪಾಗಿ ನಿಂತಿತ್ತು. ಗಿಳಿಯ ಕೊಕ್ಕಿನಂತೆ ಬಾಗಿದ ಹೂಗಳು ರೆಂಬೆರೆಂಬೆಗೂ ತೆನೆಗಟ್ಟಿದ್ದವು. ಗೊರವಂಕಗಳು ಹೂವಿನೊಳಗೆ ಮುಖ ಹುದುಗಿಸಿ ಮಕರಂದ ಕುಡಿಯುತ್ತಿದ್ದವು, ಹರಟೆಮಲ್ಲಗಳು ಸರದಿಗಾಗಿ ಜಗಳವಾಡುತ್ತಿದ್ದವು. ಸೊಪ್ಪಿನ ಮಡಿಗಳಲ್ಲಿ ಮಣ್ಣು ಬೀಜಕ್ಕೆ ಕಾದಂತೆ ತಾನಾಗಿ ಒಡೆದು ಬಿರುಕು ಬಿಟ್ಟಿತ್ತು. ಎರಡು ವರ್ಷ ಗೋಡೆಯ ಬಳಿ ನಿಂತು ಹೋದ ವಸಂತ ಈಗ ಒಳಗೆ ಬಂದು ಮೆಟ್ಟಿಲ ಮೇಲೆ ಕುಳಿತಿತ್ತು.

ಕೊಡಲಿಯಜ್ಜ ಹಗುರಾದ ಮುಖದಿಂದ ಎದ್ದು, "ಇನ್ನು ನನಗೆ ಇಲ್ಲೇನು ಕೆಲಸ" ಎಂದು ಹೊರಟ.

"ಇದೆ ಅಜ್ಜ. ಕೊಡಲಿ ಬಿಚ್ಚಿ" ಎಂದಳು ತೋಟಗಿತ್ತಿ.

ಅಜ್ಜ ಗಾಬರಿಯಿಂದ ನಿಂತ. ಅವಳು ಗೋಡೆ ದಾಟಿ ಚಾಚಿದ್ದ ಕೊಂಬೆಯನ್ನು ತೋರಿಸಿದಳು. "ಅದನ್ನು ಕಡಿದು ಅಕ್ಕನ ಹಿತ್ತಲಲ್ಲಿ ನೆಡಬೇಕು. ಹಾಲವಾಣದ ಗೂಟ ಎಲ್ಲಿ ನೆಟ್ಟರೂ ಬೇರು ಬಿಡುತ್ತದೆ."

"ಹೂಬಿಟ್ಟ ಕೊಂಬೆ ಕಣೇ" ಎಂದಳು ಗೋಡೆಯಾಚೆಯವಳು. "ಇಷ್ಟು ಕಷ್ಟಪಟ್ಟು ಬಂದ ಹೂವು. ನನಗೆ ಒರಳು ಸಾಕು."

"ಒರಳು ಬೇಕು ಅಕ್ಕ, ಚಟ್ನಿ ರುಬ್ಬಲು. ಎಷ್ಟು ವರ್ಷ ಅದರ ಮೇಲೆ ನಿಲ್ಲುತ್ತೀರಿ?"

ಮೊಂಡು ಕೊಡಲಿಗೆ ಒಂದು ಕೊಂಬೆ ಕಡಿಯಲು ಮಧ್ಯಾಹ್ನದವರೆಗೆ ಹಿಡಿಯಿತು. ಅಜ್ಜ ಮುಳ್ಳಿಗೆ, ಕೊಡಲಿಗೆ, ತನ್ನ ಸೊಂಟಕ್ಕೆ ಒಂದೊಂದು ಬೈಗುಳ ಹೇಳುತ್ತಾ, ಈ ಊರಿನಲ್ಲಿ ಕೊಡಲಿ ಮಸೆಯುವವರೇ ಇಲ್ಲವೇ ಎಂದು ಮೊದಲ ಬಾರಿಗೆ ದೂರಿದ. ಕೊಂಬೆ ಗೋಡೆಯಾಚೆ ಬಿದ್ದಾಗ ದಾಸವಾಳದ ಗಿಡದಿಂದ ಸಿಂಪಿಗ ಹಕ್ಕಿ ಮತ್ತೆ ಮೂವರನ್ನೂ ಬೈಯಿತು. ರೆಂಬೆಗಳನ್ನು ಸವರಿ, ಆಳೆತ್ತರದ ಗೂಟ ಮಾಡಿ, ಮೊಣಕೈ ಆಳದ ಗುಂಡಿ ತೋಡಿ ಇಳಿಸಿದರು. ಕಡಿದ ತುದಿ ಒಣಗದಂತೆ ಮೇಲೆ ಸಗಣಿ ಮೆತ್ತಿದರು. ನೋಡಲು ಅದು ಮರದಂತಿರಲಿಲ್ಲ. ಟೋಪಿ ಹಾಕಿದ ಕೋಲಿನಂತಿತ್ತು.

ಗೋಡೆಯಾಚೆಯವಳು ಬುಡದ ಮಣ್ಣನ್ನು ಇನ್ನೂ ಕಾಲಿನಿಂದ ತುಳಿದು ಗಟ್ಟಿಮಾಡುತ್ತಿದ್ದಳು. ಅಷ್ಟರಲ್ಲಿ ಮೇಲಿನಿಂದ ರೆಕ್ಕೆಯ ಸದ್ದಾಯಿತು. ಹಕ್ಕಿಯೊಂದು ಇಳಿದು, ಸಗಣಿಯ ಟೋಪಿಯ ಮೇಲೆ ಕಾಲೂರಿ, ಕತ್ತು ವಾರೆ ಮಾಡಿ ಮೂವರನ್ನೂ ನೋಡಿತು.

ಅಜ್ಜ ಗೋಡೆಯಾಚೆಯವಳ ಮುಖ ನೋಡಿದ. ತೋಟಗಿತ್ತಿಯೂ ನೋಡಿದಳು.

"ಚಳಿಗಾಲ ಇನ್ನೂ ದೂರವಿದೆ, ಈಗಲೇ ಏನೂ ಹೇಳಬೇಕಾಗಿಲ್ಲ" ಎಂದ ಅಜ್ಜ.

"ಅಭ್ಯಾಸವಿರಲಿ" ಎಂದು ಗೋಡೆಯಾಚೆಯವಳು ಮಣ್ಣಾದ ಕೈಯನ್ನು ಸೀರೆಗೆ ಒರೆಸಿಕೊಂಡಳು. ಬಲ ಅಂಗೈಯನ್ನು ಗೂಟಕ್ಕೆ ಒತ್ತಿದಳು. ನಾಲ್ಕು ಹಿತ್ತಲಿಗೆ ಕೇಳುವಂತೆ, ಒಂದಿಷ್ಟೂ ನಾಚಿಕೆಯಿಲ್ಲದೆ ಹೇಳಿದಳು:

"ಕಾಗೆ. ಒಂದು."